ಬರೇ ಕಾಗದದ ವಿಚ್ಛೇದನ

ರಾವೂರಿನ ಭಾಗಣ್ಣ ತನ್ನ ಹೆಂಡತಿಗೆ ವಿಚ್ಛೇದನ ಕೊಡಬೇಕೆಂದು ತೀರ್ಮಾನಿಸಿದ್ದು ಅವಳ ಮೇಲಿನ ಸಿಟ್ಟಿನಿಂದಲ್ಲ, ಅವಳಿಗೊಂದು ಸರ್ಕಾರಿ ಕೆಲಸ ಸಿಗಲಿ ಎಂಬ ಆಸೆಯಿಂದ. ಈ ಮಾತನ್ನು ಅವನು ಮುಂದೆ ಎಷ್ಟೋ ಜನರ ಮುಂದೆ ಆಣೆ ಮಾಡಿ ಹೇಳಿದ. ಊರಿನಲ್ಲಿ ಯಾರೂ ನಂಬಲಿಲ್ಲ. ಆದರೆ ನಡೆದದ್ದು ಹಾಗೆಯೇ.

ವಾಡಿ ಸ್ಟೇಷನ್ನಿನ ಹೊರಗಿನ ಸಾಲಿನಲ್ಲಿ ಭಾಗಣ್ಣನದೊಂದು ಆನ್‌ಲೈನ್ ಸೆಂಟರ್ ಇತ್ತು. ಒಂದು ಕಡೆ ಅದ್ನಾನನ ಮೊಬೈಲ್ ರಿಪೇರಿ ಅಂಗಡಿ, ಇನ್ನೊಂದು ಕಡೆ ಗೋಡೆ. ನಡುವಿನ ಕಿರಿದಾದ ಜಾಗದಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಲ್ಯಾಮಿನೇಷನ್ ಮಶೀನು ಮತ್ತು ಭಾಗಣ್ಣ. ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ವೃದ್ಧಾಪ್ಯ ವೇತನ, ಬೆಳೆ ವಿಮೆ, ಸರ್ಕಾರದ ಕಡೆಯಿಂದ ಬರಬೇಕಾದದ್ದು ಏನೇ ಇರಲಿ, ಸುತ್ತಲಿನ ಹಳ್ಳಿಯ ಜನ ಮೊದಲು ಅವನ ಕೌಂಟರಿಗೆ ಬರುತ್ತಿದ್ದರು. ಯಾವ ಯೋಜನೆಗೆ ಯಾರು ಅರ್ಹರು ಎಂಬುದು ಅವನಿಗೆ ಬಾಯಿಪಾಠ. ಅರ್ಹರಲ್ಲದವರು ಹೇಗೆ ಅರ್ಹರಾಗಬಹುದು ಎಂಬುದು ಇನ್ನೂ ಚೆನ್ನಾಗಿ ಗೊತ್ತು. ಮನುಷ್ಯರನ್ನು ಕಂಡ ಕೂಡಲೇ ಅವರು ಯಾವ ಕಾಲಮ್ಮಿನಲ್ಲಿ ಕೂಡುತ್ತಾರೆ ಎಂದು ಅವನ ತಲೆ ತಾನಾಗಿ ಹುಡುಕುತ್ತಿತ್ತು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ನೇಮಕಾತಿಯ ಹಳೆಯ ಪ್ರಕಟಣೆಯೊಂದನ್ನು ಓದುತ್ತಿದ್ದವನ ಕಣ್ಣು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ವಿಧವೆಯರಿಗೆ ಮತ್ತು ವಿಚ್ಛೇದಿತೆಯರಿಗೆ ಆದ್ಯತೆ. ವಿಧವೆ ಎಂಬ ಪದವನ್ನು ಭಾಗಣ್ಣ ಅವಸರದಿಂದ ದಾಟಿದ. ಅದರ ಪಕ್ಕದ ಪದದ ಮೇಲೆ ಮಾತ್ರ ಬಹಳ ಹೊತ್ತು ಕೂತ.

ಅವರ ಓಣಿಯ ಅಂಗನವಾಡಿಯನ್ನು ಆಗ ಅಂಬುಬಾಯಿ ಎಂಬ ಹಿರಿಯ ಹೆಂಗಸು ನಡೆಸುತ್ತಿದ್ದಳು. ಅವಳ ವಯಸ್ಸು ಭಾಗಣ್ಣನಿಗೆ ಗೊತ್ತು, ಅವಳ ಆಧಾರ್ ತಿದ್ದಿದವನೇ ಅವನು. ಮರುವರ್ಷ ಅವಳಿಗೆ ನಿವೃತ್ತಿ. ಅವನ ಹೆಂಡತಿ ಪ್ರೀತಿ ಪಿಯುಸಿ ಪಾಸಾದವಳು, ಅದೇ ಊರಿನಲ್ಲಿ ಇರುವವಳು. ಅವಳಿಗಿದ್ದ ಒಂದೇ ಕೊರತೆ ಗಂಡ.

ಅಂದು ಸಂಜೆ ಮನೆಗೆ ಹೋದವನೇ ವಿಷಯ ತೆಗೆದ. ಪ್ರೀತಿ ರೊಟ್ಟಿ ಬಡಿಯುತ್ತಿದ್ದಳು. ಭಾಗಣ್ಣ ಗಿರಾಕಿಗಳಿಗೆ ತಿಳಿಸಿ ಹೇಳುವ ಧಾಟಿಯಲ್ಲೇ ಹೇಳುತ್ತ ಹೋದ. ಪರಸ್ಪರ ಒಪ್ಪಿಗೆಯ ವಿಚ್ಛೇದನ, ಜಗಳವಿಲ್ಲ, ಸಾಕ್ಷಿಗಳಿಲ್ಲ, ಅರ್ಜಿ ಹಾಕಿ ಆರು ತಿಂಗಳು ಕಾದರೆ ಕೆಲಸ ಮುಗಿಯಿತು. ಪ್ರೀತಿಯ ಕೈ ನಿಲ್ಲಲಿಲ್ಲ.

"ಖರೇ ಡೈವರ್ಸೋ, ಸುಳ್ಳು ಡೈವರ್ಸೋ?" ಎಂದು ಕೇಳಿದಳು.

"ಕಾಗದದಾಗ ಖರೇ, ಮನ್ಯಾಗ ಸುಳ್ಳು. ನೌಕರಿ ಪಕ್ಕಾ ಆತಂದ್ರ ಮತ್ತ ರಜಿಸ್ಟರ್ ಲಗ್ನ ಮಾಡ್ಕೊಂಡ್ರಾತು."

"ರಾಧಿಕಾ?"

ರಾಧಿಕಾ ಅವರ ಒಬ್ಬಳೇ ಮಗಳು. ಕಾಗದದಲ್ಲಿ ಅವಳು ತಾಯಿಯ ಕಡೆ ಇರುತ್ತಾಳೆ, ಕೋರ್ಟಿಗೂ ಅದೇ ಇಷ್ಟವಾಗುತ್ತದೆ ಎಂದು ಭಾಗಣ್ಣ ವಿವರಿಸಿದ. ಪ್ರೀತಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಆಗ್ಲಿ" ಅಂದಳು.

ಭಾಗಣ್ಣನಿಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಮದುವೆಯಾದಂದಿನಿಂದ ಅವಳು ಎಲ್ಲಕ್ಕೂ ಆಗ್ಲಿ ಅಂದವಳೇ. ಪ್ರಿಂಟರ್ ಕೊಳ್ಳಲು ಅವಳ ಹೊಲಿಗೆ ಮಶೀನು ಮಾರಿದೆನೆಂದು ತಿಳಿಸಿದಾಗಲೂ ಅಂದಿದ್ದಳು. ವಿದ್ಯಾರ್ಥಿವೇತನದ ಅರ್ಜಿಗಳಿಗೆ ಕೊನೆಯ ದಿನವೆಂದು ಅವಳ ತಂಗಿಯ ಮದುವೆಗೆ ಹೋಗುವುದು ರದ್ದಾದಾಗಲೂ ಅಂದಿದ್ದಳು. ಇಷ್ಟು ಸುಲಭದ ಹೆಂಡತಿ ವಾಡಿಯಿಂದ ಶಹಾಬಾದದವರೆಗೆ ಇನ್ಯಾರಿಗೂ ಇಲ್ಲವೆಂದು ಅದ್ನಾನನ ಮುಂದೆ ಹೇಳಿಕೊಳ್ಳುತ್ತಿದ್ದ.

ಕಷ್ಟವಾದದ್ದು ತಾಯಿ ಶಿವಕಾಂತಮ್ಮನನ್ನು ಒಪ್ಪಿಸುವುದು. ಆಕೆ ಮೊದಲು ಎದೆ ಬಡಿದುಕೊಂಡಳು. ನಮ್ಮ ಏಳು ತಲೆಯಲ್ಲಿ ಇಂಥದ್ದು ನಡೆದಿಲ್ಲ ಎಂದಳು. ಮಗ ಇದು ನಾಟಕವೆಂದೂ, ನಾಟಕದ ಕೊನೆಗೆ ಸೊಸೆ ತಿಂಗಳ ತಿಂಗಳ ಗೌರವಧನ ತರುತ್ತಾಳೆಂದೂ ತಿಳಿಸಿದ ಮೇಲೆ ಸಮಾಧಾನವಾಯಿತು. ಗಂಡ ಹೆಂಡತಿಗೆ ಕೂಡಿಬರುತ್ತಿಲ್ಲವೆಂದು ಓಣಿಯಲ್ಲಿ ಸುದ್ದಿ ಹಬ್ಬಿಸುವ ಕೆಲಸವನ್ನು ಮಗ ಆಕೆಗೇ ಒಪ್ಪಿಸಿದ. ಶಿವಕಾಂತಮ್ಮ ನಳದ ಹತ್ತಿರ ಕೂತು ಸೊಸೆಯ ಮೇಲಿನ ದೂರುಗಳನ್ನು ಎಷ್ಟು ಚೆಂದವಾಗಿ ಹೇಳಿದಳೆಂದರೆ, ಅವು ಆ ವಾರ ಹುಟ್ಟಿದವಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಒಂದೂ ಹೊಸದಾಗಿ ಕಟ್ಟಬೇಕಾಗಿ ಬರಲಿಲ್ಲ ಎಂದು ಆಕೆಯೇ ಮಗನ ಮುಂದೆ ಹೆಮ್ಮೆಪಟ್ಟಳು.

ಚಿತ್ತಾಪುರದ ಕೋರ್ಟಿನಲ್ಲಿ ಮಡಿವಾಳಯ್ಯ ಎಂಬ ವಕೀಲರು ಕೇಸು ಹಿಡಿದರು. ಅವರಿಗೂ ಒಳಗಿನ ಮಾತು ಹೇಳಲಿಲ್ಲ. ಒಂದು ವರ್ಷದಿಂದ ಬೇರೆ ಬೇರೆ ಇದ್ದೀರೇನು, ಕಾಯ್ದೆ ಹಾಗೆ ಕೇಳುತ್ತದೆ ಎಂದು ಅವರು ವಿಚಾರಿಸಿದಾಗ ಭಾಗಣ್ಣ ತಡಮಾಡದೆ ಉತ್ತರಿಸಿದ. ಒಂದೇ ಸೂರಿನಡಿ ಇದ್ದೇವೆ, ಆದರೆ ನಾನು ಪಡಸಾಲೆಯಲ್ಲಿ ಫೋನ್ ಹಿಡಿದು ಮಲಗುತ್ತೇನೆ, ಅವಳು ಮಗಳೊಂದಿಗೆ ಒಳಗೆ, ನಮ್ಮಿಬ್ಬರ ನಡುವೆ ಊಟದ ಹೊತ್ತಿನ ಹೊರತು ಮಾತಿಲ್ಲ ಎಂದ. ತಾನು ಎಷ್ಟು ಸಹಜವಾಗಿ ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೇ ಖುಷಿಯಾಯಿತು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಪ್ರೀತಿ ಅವನನ್ನು ಒಮ್ಮೆ ನೋಡಿದಳು. ಪಡಸಾಲೆಯಲ್ಲಿ ಮಲಗುವುದು ಖರೆಯೇ ಆಗಿತ್ತು.

ಒಪ್ಪಿಗೆಯ ವಿಚ್ಛೇದನಕ್ಕೆ ಬಹಳ ಕಾರಣ ಬೇಕಾಗಿಲ್ಲ, ಹೊಂದಾಣಿಕೆಯಾಗಲಿಲ್ಲ ಎಂದು ಬರೆದರೆ ಸಾಕು ಅಂದರು ವಕೀಲರು. ಭಾಗಣ್ಣನಿಗೆ ಇದು ಸರಿ ಬರಲಿಲ್ಲ. ದಾಖಲೆ ಗಟ್ಟಿಯಿಲ್ಲದೆ ಅರ್ಜಿ ತಿರುಗಿ ಬಂದದ್ದನ್ನು ಅವನು ಎಷ್ಟೋ ಕಂಡಿದ್ದ. ಒತ್ತಾಯ ಮಾಡಿ ಕಾರಣಗಳನ್ನು ತಾನೇ ಬರೆಸಿದ. ಗಂಡ ಮನೆಯ ಯಾವ ಮಾತಿನಲ್ಲೂ ಹೆಂಡತಿಯನ್ನು ಕೇಳುವುದಿಲ್ಲ. ಅವಳ ಮಶೀನು ಕೇಳದೆ ಮಾರಿದ. ಅವಳ ತವರಿನ ಕಾರ್ಯಗಳಿಗೆ ಕಳಿಸಲಿಲ್ಲ. ಮಗುವಿಗೆ ಡೆಂಗಿಯಾಗಿ ಆಸ್ಪತ್ರೆಯಲ್ಲಿದ್ದಾಗ ಅಂಗಡಿ ಮುಚ್ಚಲಿಲ್ಲ. ಸುಳ್ಳಿಗೆ ಒಂದಿಷ್ಟು ನಿಜದ ವಿವರ ಬೆರೆಸಿದರೆ ನಂಬಿಕೆ ಬರುತ್ತದೆಂಬುದು ಅವನ ವೃತ್ತಿಯ ಅನುಭವ. ಹಾಗೆ ಬೆರೆಸುತ್ತ ಬೆರೆಸುತ್ತ ಸುಳ್ಳು ಹಾಕಲು ಜಾಗವೇ ಉಳಿಯಲಿಲ್ಲವೆಂಬುದು ಮಾತ್ರ ಅವನ ಲಕ್ಷ್ಯಕ್ಕೆ ಬರಲಿಲ್ಲ. ಎಲ್ಲ ಕೇಳಿ ಮಡಿವಾಳಯ್ಯ ಕನ್ನಡಕ ತೆಗೆದು ಒರೆಸಿದರು. ಗಂಡಸರು ತಮ್ಮ ತಪ್ಪನ್ನು ಇಷ್ಟು ಧಾರಾಳವಾಗಿ ಬರೆಸಿದ್ದನ್ನು ತಮ್ಮ ಸರ್ವೀಸಿನಲ್ಲಿ ಕಂಡಿಲ್ಲ ಎಂದರು.

ಮಗಳ ಬಗ್ಗೆ ಕರಾರೂ ಆಯಿತು. ರಾಧಿಕಾ ತಾಯಿಯ ಸುಪರ್ದಿಗೆ. ತಂದೆ ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಅವಳನ್ನು ಕರೆದೊಯ್ಯಬಹುದು. ಮಗಳ ಖರ್ಚಿಗೆ ತಂದೆ ತಿಂಗಳ ತಿಂಗಳ ಹಣ ಕಟ್ಟಬೇಕು. ಎಷ್ಟೆಂದು ವಕೀಲರು ಕೇಳಿದಾಗ ಭಾಗಣ್ಣ ಅವರು ಬೆಚ್ಚುವಂಥ ಮೊತ್ತ ಹೇಳಿದ. ಈ ಕಿಸೆಯಿಂದ ಆ ಕಿಸೆಗೆ ಹೋಗುವ ಹಣಕ್ಕೆ ಜಿಪುಣತನ ಯಾಕೆಂಬುದು ಅವನ ಎಣಿಕೆ.

ಕೋರ್ಟು ಅವರನ್ನು ಮಧ್ಯಸ್ಥಿಕೆಗೆ ಕಳಿಸಿತು. ಅಲ್ಲಿ ಮಹಾದೇವಮ್ಮ ಎಂಬ ಹಿರಿಯ ವಕೀಲೆ ಕೂತಿದ್ದರು. ಒಡೆದ ಮನೆಗಳನ್ನು ಮತ್ತೆ ಕೂಡಿಸುವುದೇ ಅವರ ಕೆಲಸ, ಮತ್ತು ಅದರಲ್ಲಿ ಅವರಿಗೆ ಹೆಸರಿತ್ತು. ಒಂದು ಕಿವಿ ಸ್ವಲ್ಪ ಮಂದ. ಆದ್ದರಿಂದ ಅವರ ಮುಂದೆ ಹೇಳಿದ ಮಾತನ್ನು ಎಲ್ಲರೂ ಎರಡನೇ ಸಲ ಗಟ್ಟಿಯಾಗಿ ಹೇಳಬೇಕಾಗುತ್ತಿತ್ತು.

ಮೊದಲು ಭಾಗಣ್ಣನನ್ನೇ ಕೇಳಿದರು, ಮಗಳು ಶಾಲೆಯಲ್ಲಿ ಯಾವ ಇಯತ್ತೆ ಎಂದು. ಎರಡನೇದು ಅಂದ. ಕೇಳಿಸಲಿಲ್ಲ ಅಂದರು. ಎರಡನೇದು ಎಂದು ಕೂಗಿದ. ಮೂರನೇದು ಎಂದಳು ಪ್ರೀತಿ, ಮೆಲ್ಲಗೆ. ಆಶ್ಚರ್ಯವೆಂದರೆ ಅದು ಮಹಾದೇವಮ್ಮನಿಗೆ ಮೊದಲ ಸಲಕ್ಕೇ ಕೇಳಿಸಿತು. ಭಾಗಣ್ಣ ಒಳಗೊಳಗೇ ಬೀಗಿದ. ಈ ತಪ್ಪನ್ನು ತಾನು ಬೇಕೆಂದೇ ಮಾಡಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಅನ್ನಿಸಿತು.

ಆಮೇಲೆ ಅವರು ಪ್ರೀತಿಯ ಕಡೆ ತಿರುಗಿ, ಹೊಡೆಯುತ್ತಾನೆಯೇ, ಕುಡಿಯುತ್ತಾನೆಯೇ ಎಂದು ಕೇಳಿದರು.

"ಇಲ್ಲರಿ. ಒಮ್ಮಿನೂ ಕೈ ಎತ್ತಿಲ್ಲ. ಕುಡಿಯಾಂಗೂ ಇಲ್ಲ," ಎಂದಳು ಪ್ರೀತಿ.

"ಮತ್ತ ಏನಾಗ್ಯಾದಮ್ಮ?"

ಪ್ರೀತಿ ಸೀರೆಯ ಸೆರಗಿನ ದಾರವೊಂದನ್ನು ಎಳೆದು ಕಿತ್ತಳು. ಆಮೇಲೆ ಹೇಳಿದಳು. "ನಾ ಸಂತಿಗಿ ಹೋಗಿ ಬರೂದ್ರಾಗ ಮಶೀನ್ ಇದ್ದ ಜಾಗ ಖಾಲಿ ಇತ್ರಿ. ಯಾಕ ಮಾರಿದ್ರಿ ಅಂತ ನಾ ಕೇಳಲಿಲ್ಲ. ಕೇಳ್ತಾಳೇನೋ ಅಂತ ಇವರೂ ನೋಡಲಿಲ್ಲ. ಮಂದಿಗೆಲ್ಲ ಕುಂದ್ರಿಸಿ ಹೆಸರು, ವಯಸ್ಸು, ವಿದ್ಯಾಭ್ಯಾಸ ಕೇಳ್ತಾರ. ನನಗ ಇಲ್ಲೀತನಕ ಏನೂ ಕೇಳಿಲ್ಲರಿ."

ಮಹಾದೇವಮ್ಮ ಕಿವಿಗೆ ಕೈ ಹಿಡಿದು, ಇನ್ನೊಮ್ಮೆ ಹೇಳಲು ಸನ್ನೆ ಮಾಡಿದರು. ಪ್ರೀತಿ ಇನ್ನೊಮ್ಮೆ ಹೇಳಿದಳು. ಈ ಸಲ ದನಿ ಏರಿತ್ತು. ಹೊರಗೆ ತಮ್ಮ ಸರದಿಗೆ ಕಾಯುತ್ತಿದ್ದ ಇನ್ನೊಂದು ಜೋಡಿ ಬಾಗಿಲಲ್ಲಿ ಇಣುಕಿತು. ಮಹಾದೇವಮ್ಮ ಕೂಡಿಸುವ ಮಾತು ಆಡಲು ಬಾಯಿ ತೆರೆದವರು ಹಾಗೆಯೇ ಮುಚ್ಚಿ, ಇವರಿಬ್ಬರ ನಿರ್ಧಾರ ದೃಢವಾಗಿದೆ ಎಂದು ಬರೆದುಕೊಂಡರು.

ಊರಿಗೆ ಮರಳುವ ಬಸ್ಸಿನಲ್ಲಿ ಭಾಗಣ್ಣನಿಗೆ ಹಿಗ್ಗು ತಡೆಯಲಾಗಲಿಲ್ಲ. "ಏನ್ ಆಕ್ಟಿಂಗ್ ಮಾಡ್ದಿ ಅಂತೀನಿ! ಆ ಮುದುಕಿಗಿ ಮಾತೇ ಹೊಂಡಲಿಲ್ಲ. ಮಶೀನಿನ ಮಾತು ಕೇಳಿ ನನಗೂ ಖರೇನೇ ಅನ್ನಿಸ್ತು ನೋಡು." ಪ್ರೀತಿ ಕಿಟಕಿಯ ಕಡೆಗೆ ಮುಖ ಮಾಡಿದ್ದಳು. ಹೊರಗೆ ಕಲ್ಲಿನ ಖಣಿಗಳ ಅಂಚಿನಲ್ಲಿ ಫರಸಿಯ ಹಾಸುಗಲ್ಲುಗಳನ್ನು ಸಾಲಾಗಿ ಒರಗಿಸಿಟ್ಟಿದ್ದರು. ಅವಳು ಅವನ್ನೇ ನೋಡುತ್ತ ಕೂತಳು. ದಣಿದಿದ್ದಾಳೆ ಎಂದುಕೊಂಡು ಭಾಗಣ್ಣ ಫೋನ್ ತೆಗೆದ.

ಆರು ತಿಂಗಳು ಕಳೆದ ಮೇಲೆ ನ್ಯಾಯಾಧೀಶರು ಇಬ್ಬರನ್ನೂ ಕರೆಸಿ, ಮತ್ತೊಮ್ಮೆ ವಿಚಾರ ಮಾಡಿದ್ದೀರಾ ಎಂದು ಕೇಳಿದರು. ಭಾಗಣ್ಣ ತಾಲೀಮು ಮಾಡಿಕೊಂಡು ಬಂದಿದ್ದ ಉತ್ತರವನ್ನು ಇಬ್ಬರ ಪರವಾಗಿಯೂ ಕೊಡತೊಡಗಿದ. ನ್ಯಾಯಾಧೀಶರು ಅವನನ್ನು ತಡೆದು, ಹೆಣ್ಣುಮಗಳು ಹೇಳಲಿ ಅಂದರು.

"ಭಾಳ ವಿಚಾರ ಮಾಡೀನ್ರಿ, ಸಾಹೇಬ್ರ. ವಿಚಾರ ಮಾಡು ಅಂತ ಇಷ್ಟು ದಿನ ಕೊಟ್ಟವರು ನೀವೇ ಮೊದಲಿಗರು. ನನಗ ಒಪ್ಪಿಗಿ ಅದ," ಎಂದಳು ಪ್ರೀತಿ.

ಡಿಕ್ರಿ ಆಯಿತು. ಭಾಗಣ್ಣ ಕೋರ್ಟಿನ ಹೊರಗಿನ ಮಿಠಾಯಿ ಅಂಗಡಿಗೆ ನಡೆದಿದ್ದ. ಮಡಿವಾಳಯ್ಯ ಹಿಂದಿನಿಂದ ಅಂಗಿ ಜಗ್ಗಿ, ವಿಚ್ಛೇದನವಾದ ದಿನ ಪೇಡೆ ಹಂಚಿದರೆ ಮಂದಿ ಏನಂದಾರು, ಸ್ವಲ್ಪ ಮುಖ ಇಳಿಸಿ ನಡೆಯಿರಿ ಎಂದರು. ಅವನು ಪೇಡೆ ಬಿಟ್ಟ, ಆದರೆ ಅಂಗಡಿಗೆ ಬಂದು ಡಿಕ್ರಿಯ ಪ್ರತಿಯನ್ನು ಲ್ಯಾಮಿನೇಷನ್ ಮಾಡಿದ. ಅದ್ನಾನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಭಾಗಣ್ಣಾ, ಇದಕ್ಕ ಇನ್ನ ನೀರು ತಾಕಿದ್ರೂ ಏನೂ ಆಗಾಂಗಿಲ್ಲ" ಎಂದ. ಭಾಗಣ್ಣನಿಗೆ ಅದು ಹೊಗಳಿಕೆಯಂತೆ ಕೇಳಿಸಿತು.

ವಿಚ್ಛೇದಿತೆ ಗಂಡನ ಮನೆಯಲ್ಲೇ ಇದ್ದರೆ ಯಾರಾದರೂ ಆಫೀಸಿಗೆ ದೂರು ಕೊಡುತ್ತಾರೆಂದು, ಅಂಬುಬಾಯಿಯ ಮನೆಯ ಮುಂದಿನ ಖೋಲಿಯನ್ನು ಭಾಗಣ್ಣನೇ ಬಾಡಿಗೆಗೆ ಹಿಡಿದ. ಸಾಮಾನು ಸಾಗಿಸಲು ಟಂಟಂ ಆಟೋ ಹೇಳಿದವನೂ ಅವನೇ. ಸುಳ್ಳೆಂದು ಯಾರಿಗೂ ಸಂಶಯ ಬರಬಾರದು, ಆದ್ದರಿಂದ ತಾನು ಆ ಕಡೆ ಕೋರ್ಟು ಹೇಳಿದ ಭಾನುವಾರಗಳಂದು ಮಾತ್ರ ಬರುತ್ತೇನೆ, ಬೇರೆ ದಿನ ಫೋನೂ ಬೇಡ ಎಂದು ನಿಯಮ ಹಾಕಿದ. ಪ್ರೀತಿ ಆಗ್ಲಿ ಅಂದಳು. ಈ ಸಲ ಸ್ವಲ್ಪ ಜಲ್ದಿಯಾಗಿ ಅಂದಳು.

ಮೊದಲನೇ ತಿಂಗಳ ಹಣ ಮುಟ್ಟುತ್ತಲೇ ಅವಳು ಶಹಾಬಾದದಿಂದ ಒಂದು ಹಳೆಯ ಹೊಲಿಗೆ ಮಶೀನು ತರಿಸಿದಳು. ಎರಡನೇ ತಿಂಗಳಿಗೆ ಓಣಿಯ ಹೆಂಗಸರು ಜಂಪರು ಹೊಲಿಸಲು ಬರತೊಡಗಿದರು. ಮೂರನೇ ತಿಂಗಳಿಗೆ ಅವರ ಜೊತೆ ಶಿವಕಾಂತಮ್ಮನೂ ಬರತೊಡಗಿದಳು. ಮೊಮ್ಮಗಳನ್ನು ನೋಡಲು ಬಂದೆ ಅನ್ನುತ್ತಿದ್ದಳು, ಆದರೆ ಬರುತ್ತಿದ್ದದ್ದು ಸರಿಯಾಗಿ ಊಟದ ಹೊತ್ತಿಗೆ. ಡಿಕ್ರಿಯಲ್ಲಿ ಭಾನುವಾರದ ಕಟ್ಟಳೆ ಮಗನಿಗಿತ್ತೇ ಹೊರತು ತಾಯಿಗಿರಲಿಲ್ಲ. ತನಗೆ ಕಣ್ಣು ಕಾಣುವುದಿಲ್ಲ, ಒಲೆಯ ಮುಂದೆ ಕೂಡಲಾಗುವುದಿಲ್ಲ ಎಂದು ಮಗನಿಗೆ ತಿಳಿಸಿ, ಅವನ ಪಾಲಿನದನ್ನು ಅವನೇ ಬೇಯಿಸಿಕೊಳ್ಳಲು ಬಿಟ್ಟಳು. ನಳದ ಹತ್ತಿರ ಈಗ ಆಕೆ ಮಗನ ಮೇಲಿನ ದೂರು ಹೇಳುತ್ತಿದ್ದಳು. ಅವೂ ಹೊಸವಾಗಿರಲಿಲ್ಲ.

ಭಾಗಣ್ಣನ ಮೊದಲ ಭಾನುವಾರ ಬಹಳ ಉದ್ದವಾಗಿತ್ತು. ಹತ್ತು ಗಂಟೆಗೆ ಮಗಳನ್ನು ಬೈಕಿನ ಮೇಲೆ ಕೂಡಿಸಿಕೊಂಡ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ವಾಡಿ ಸ್ಟೇಷನ್ನಿಗೆ ಕರೆದೊಯ್ದ. ರೈಲು ತೋರಿಸಿದ. ಅವಳು ನೋಡಿದಳು. ಬದನೆಕಾಯಿ ಬಜಿ ಕೊಡಿಸಿದ. ಅವಳು ಮುಟ್ಟಲಿಲ್ಲ, ತನಗೆ ಬದನೆಕಾಯಿ ಸೇರುವುದಿಲ್ಲ ಅಂದಳು. ಯಾವಾಗಿನಿಂದ ಎಂದು ಕೇಳಿದ. ಮೊದಲಿನಿಂದಲೂ ಅಂದಳು. ಮಧ್ಯಾಹ್ನಕ್ಕೆ ಅವನ ಬಳಿ ಮಾತು ಮುಗಿದುಹೋಯಿತು. ಗಿರಾಕಿಗಳ ಜೊತೆ ದಿನವಿಡೀ ಒದರುವ ಮನುಷ್ಯ, ಮೂರನೇ ಇಯತ್ತೆಯ ಹುಡುಗಿಗೆ ಏನು ಕೇಳಬೇಕೆಂದು ತಿಳಿಯದೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬೆವರಿದ. ಅವಳನ್ನು ಬೇಗನೆ ಬಿಟ್ಟು ಬರೋಣವೆಂದರೆ ಕೋರ್ಟಿನ ನಿಯಮ ಮುರಿದಂತಾಗುತ್ತದೆ. ಸೊಲ್ಲಾಪುರದ ಗಾಡಿ ಹೋಗಲಿ, ರಾಯಚೂರಿನ ಗಾಡಿ ಬರಲಿ ಎನ್ನುತ್ತ ಐದು ಗಂಟೆ ಮಾಡಿದ.

ಎರಡನೇ ಸಲ ಅವನು ತಯಾರಿ ಮಾಡಿಕೊಂಡು ಹೋದ. ಗೆಳತಿಯರು ಯಾರು, ಶಾಲೆಯ ಟೀಚರ್ ಹೆಸರೇನು, ಯಾವ ಬಣ್ಣ ಇಷ್ಟ ಎಂದು ಒಂದೊಂದಾಗಿ ಕೇಳಿದ. ಅರ್ಜಿ ತುಂಬುವ ದನಿಯಲ್ಲೇ ಕೇಳಿದನಾದರೂ ಹುಡುಗಿ ಅದನ್ನು ಗಮನಿಸಲಿಲ್ಲ. ಅಪ್ಪ ತನ್ನನ್ನು ಕೇಳುತ್ತಿದ್ದಾನೆಂಬುದೇ ಅವಳಿಗೆ ಸೋಜಿಗ. ಸಂಜೆಯ ಹೊತ್ತಿಗೆ ಅವಳ ಬಾಯಿ ನಿಲ್ಲಿಸುವುದು ಕಷ್ಟವಾಯಿತು. ಭಾಗಣ್ಣ ಅವಳನ್ನು ಬಿಟ್ಟು ಹೊರಟಾಗ ಐದು ಗಂಟೆ ಮೀರಿತ್ತು. ಅದು ಅವನ ಗಮನಕ್ಕೆ ಬಂದದ್ದು ಮನೆ ಮುಟ್ಟಿದ ಮೇಲೆ.

ಹೀಗಿರುವಾಗ ಅಂಬುಬಾಯಿ ನಿವೃತ್ತಳಾದಳು. ಅರ್ಜಿ ಕರೆದರು. ತಾಲೂಕಿನ ಅರ್ಧ ಜನರ ಅರ್ಜಿ ತುಂಬಿದ ಕೈ ಈ ಒಂದು ಅರ್ಜಿಗಾಗಿ ತುರಿಸುತ್ತಿತ್ತು. ಅವನು ನಿಯಮ ಮುರಿದು ಫೋನ್ ಮಾಡಿದ. ಅರ್ಜಿಯನ್ನು ಫೋನಿನಲ್ಲೇ ತಾನೇ ತುಂಬಿದ್ದಾಗಿ ಪ್ರೀತಿ ಹೇಳಿದಳು. ವಿಚ್ಛೇದನ ಕೊಟ್ಟ ಗಂಡನೇ ಅರ್ಜಿ ತುಂಬಿದರೆ ಸಂಶಯ ಬರುವುದಿಲ್ಲವೇ ಎಂದಳು. ಭಾಗಣ್ಣನಿಗೆ ಒಂದು ಕಡೆ ಬೇಸರ, ಇನ್ನೊಂದು ಕಡೆ ತನ್ನ ಬುದ್ಧಿ ಅವಳಿಗೂ ಹತ್ತಿತಲ್ಲ ಎಂಬ ಸಂತೋಷ.

ಕೆಲಸ ಅವಳಿಗೇ ಆಯಿತು. ಮರು ಭಾನುವಾರ ಭಾಗಣ್ಣ ಕೋರ್ಟಿನ ದಿನ ಬಿಟ್ಟಿದ್ದ ಪೇಡೆಯನ್ನು ಬಡ್ಡಿಯ ಸಮೇತ ಕಟ್ಟಿಸಿಕೊಂಡು ಬಂದ. ಪ್ರೀತಿ ಅವನಿಗೆ ಕುರ್ಚಿ ಹಾಕಿ ಚಹಾ ಕೊಟ್ಟಳು. ರಾಧಿಕಾ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು. ಭಾಗಣ್ಣ ದನಿ ತಗ್ಗಿಸಿ ಮುಂದಿನ ಯೋಜನೆ ಹೇಳಿದ. ಕೆಲವು ತಿಂಗಳು ಹೀಗೇ ಇರೋಣ, ಆಮೇಲೆ ಸದ್ದಿಲ್ಲದೆ ಸೇಡಂಗೆ ಹೋಗಿ ರಜಿಸ್ಟರ್ ಮದುವೆ ಮಾಡಿಕೊಳ್ಳೋಣ, ಡಿಕ್ರಿ ತೋರಿಸಿಯೇ ಕೆಲಸ ಸಿಕ್ಕಿರುವುದರಿಂದ ಅವಸರ ಬೇಡ.

"ನಾ ಅದನ್ನ ತೋರಿಸಿಲ್ಲರಿ," ಎಂದಳು ಪ್ರೀತಿ.

ಭಾಗಣ್ಣನಿಗೆ ಅರ್ಥವಾಗಲಿಲ್ಲ.

"ಡಿಕ್ರಿ ಹಚ್ಚೇ ಇಲ್ಲ. ಪಿಯುಸಿದಾಗ ನನಗ ಫಸ್ಟ್ ಕ್ಲಾಸ್ ಅದ. ಅಂಥ ಮಾರ್ಕ್ಸ್ ಇದ್ದಾಕಿ ನಮ್ಮ ಕಡಿ ನಾ ಒಬ್ಬಾಕಿನೇ ಅದೀನಿ. ಸಾಮಾನ್ಯದಾಗೇ ಹಾಕ್ದೆ, ಬಂತು."

ಹೆಂಡತಿಗೆ ಫಸ್ಟ್ ಕ್ಲಾಸ್ ಬಂದಿತ್ತೆಂಬುದು ಭಾಗಣ್ಣನಿಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಪಾಸ್ ಎಂಬಷ್ಟು ಮಾತ್ರ ಗೊತ್ತಿತ್ತು. ಚಹಾದ ಬಟ್ಟಲು ಕೆಳಗಿಟ್ಟ.

"ಮತ್ತ ಡೈವರ್ಸ್ ಯಾಕ ತಗೊಂಡಿ?"

"ನೀವು ಕೊಟ್ರಿ," ಎಂದಳು ಪ್ರೀತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಕೊಟ್ಟದ್ದರಾಗ ನನಗ ಖರೇನ ಬೇಕಾಗಿದ್ದು ಅದೊಂದೇ ಇತ್ತು."

ಒಳಗಿನಿಂದ ರಾಧಿಕಾ ಬಂದು ನಿಂತಳು. ಅಂದು ಭಾಗಣ್ಣ ಬೈಕನ್ನು ಎತ್ತ ಓಡಿಸಿದನೆಂಬುದು ಅವನಿಗೇ ತಿಳಿಯಲಿಲ್ಲ. ಮಗಳು ನಾಲವಾರದ ದಾರಿ ಇದಲ್ಲವೇ ಎಂದು ಕೇಳಿದ ಮೇಲೆ ಹೌದೆಂದ. ಅಲ್ಲಿಯ ಮಠದ ಮುಂದೆ ಅವಳಿಗೆ ಬಳೆ ಕೊಡಿಸಿ, ತಾನು ಮೆಟ್ಟಿಲ ಮೇಲೆ ಕೂತ. ಅಳು ಬಂದಂತಾಯಿತು. ಆದರೆ ತನಗಾದ ಅನ್ಯಾಯ ಯಾವುದೆಂದು ಹುಡುಕಿದರೆ ಕೈಗೆ ಸಿಗಲಿಲ್ಲ. ಅದಕ್ಕಾಗಿ ಇನ್ನಷ್ಟು ಸಂಕಟವಾಯಿತು.

ಮರುದಿನವೇ ಚಿತ್ತಾಪುರಕ್ಕೆ ಹೋಗಿ ಮಡಿವಾಳಯ್ಯನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಇದು ನೌಕರಿಗಾಗಿ ಹೂಡಿದ ನಾಟಕ, ಡಿಕ್ರಿಯನ್ನು ರದ್ದು ಮಾಡಿಸಿರಿ ಎಂದ. ಕೋರ್ಟಿಗೆ ಮೋಸವಾಗಿದೆಯೆಂದು ಸಾಧಿಸಬೇಕಾಗುತ್ತದೆ, ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಮೊದಲು ನಿಮ್ಮನ್ನೇ ಹಿಡಿಯುತ್ತಾರೆ ಎಂದರು ವಕೀಲರು. ಆಗಲಿ, ಹಿಡಿಯಲಿ ಎಂದ ಭಾಗಣ್ಣ. ವಕೀಲರು ಹಳೆಯ ಅರ್ಜಿ ತೆಗೆಸಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು.

"ಮಶೀನು ಕೇಳದೇ ಮಾರಿದ್ದು ಸುಳ್ಳೇನು?"

"ಇಲ್ಲರಿ. ಅದು ಖರೇ."

"ತವರಿಗಿ ಕಳಿಸಲಾರದ್ದು?"

"ಅದೂ ಖರೇ ರೀ. ಆದ್ರ ಅವತ್ತು ಲಾಸ್ಟ್ ಡೇಟ್ ಇತ್ತು."

"ದವಾಖಾನಿ ಮಾತು?"

ಭಾಗಣ್ಣ ಅರ್ಜಿಯ ಆ ಸಾಲನ್ನು ಇನ್ನೊಮ್ಮೆ ಓದಿದ. ಮಡಿವಾಳಯ್ಯ ಅರ್ಜಿ ಮಡಚಿಟ್ಟು, ಇದರಲ್ಲಿ ಮೋಸವೆಲ್ಲಿದೆ, ತಾವು ಹಾಕಿದ ಕೇಸುಗಳಲ್ಲೆಲ್ಲ ಪೂರ್ತಿ ಸತ್ಯವಿದ್ದದ್ದು ಇದೊಂದೇ ಎಂದರು. ಬೇರೆ ದಾರಿಯಿದೆ, ಮತ್ತೆ ಮದುವೆಯಾಗಬಹುದು, ಆದರೆ ಅದಕ್ಕೆ ಆಕೆ ಒಪ್ಪಬೇಕು, ಕೇಳಿ ನೋಡಿದ್ದೀರಾ ಎಂದರು. ಯೋಜನೆ ಹೇಳಿದ್ದೇನೆ ಎಂದ ಭಾಗಣ್ಣ. ವಕೀಲರು ಮುಂದಿನ ಗಿರಾಕಿಯನ್ನು ಒಳಗೆ ಕರೆದರು.

ಕೇಳುವುದಕ್ಕೆ ಅವನಿಗೆ ಮಳೆಗಾಲ ಮುಗಿಯುವವರೆಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಪ್ರೀತಿಯನ್ನು ಊರೆಲ್ಲ, ಶಾಲೆಯ ಟೀಚರಿಗೆ ಅನ್ನುವಂತೆ, ಅಕ್ಕೋರೆ ಎಂದು ಕರೆಯುತ್ತಿತ್ತು. ಒಂದು ಭಾನುವಾರ ಸಂಜೆ ಮಗಳನ್ನು ಬಿಡಲು ಬಂದಾಗ, ಹೊಸ್ತಿಲಾಚೆ ನಿಂತೇ ಕೇಳಿದ. ಕೇಳುವಾಗ ಮೊದಲ ಬಾರಿಗೆ ಅವನ ಬಾಯಲ್ಲಿ ನೀನು ಹೋಗಿ ನೀವು ಬಂತು. ಪ್ರೀತಿಗೆ ನಗು ಬಂದಂತಾಗಿ ತಡೆದುಕೊಂಡಳು. ಈಗ ತಾನು ಇರುವ ಹಾಗೆ ಚೆನ್ನಾಗಿದ್ದೇನೆ, ಲಗ್ನದ ಮಾತು ಬೇಡ ಎಂದಳು. ಆಮೇಲೆ, ಬುಧವಾರ ಸಂಜೆ ತನಗೆ ಆಫೀಸಿನ ಮೀಟಿಂಗ್ ಇರುತ್ತದೆ, ಕೋರ್ಟು ಹೇಳಿಲ್ಲವಾದರೂ ಆ ಹೊತ್ತು ರಾಧಿಕಾ ಅವನ ಅಂಗಡಿಯಲ್ಲಿ ಕೂತು ಓದಿದರೆ ತನಗೂ ಅನುಕೂಲ ಎಂದಳು. ಭಾಗಣ್ಣ ಕೂಡಲೇ ಹೂಂ ಅನ್ನಲು ಹೋದವನು, ಮಗಳ ಕಡೆ ತಿರುಗಿ, ಬರುತ್ತೀಯಾ ಎಂದು ಕೇಳಿದ. ಕಂಪ್ಯೂಟರ್ ಮುಟ್ಟಲು ಬಿಡುವುದಾದರೆ ಬರುತ್ತೇನೆ ಎಂದಳು ರಾಧಿಕಾ.

ಅವನ ನಾಟಕದ ಸುದ್ದಿ ಹೇಗೋ ಹೊರಬಿದ್ದಿತ್ತು. ಜನರ ಬಾಯಿಂದ ಬಾಯಿಗೆ ಹೋಗುವಾಗ ಬೇಡವಾದ ಭಾಗ ಉದುರಿ, ವಿಚ್ಛೇದನ ಮಾಡಿಸಿ ಹೆಂಡತಿಗೆ ನೌಕರಿ ಕೊಡಿಸಿದ ಭಾಗಣ್ಣ ಎಂಬಷ್ಟು ಉಳಿದಿತ್ತು. ಒಂದು ಮುಂಜಾನೆ ಚಿಂಚೋಳಿ ಕಡೆಯಿಂದ ಮೂವರು ಗಂಡಸರು ಅವನನ್ನು ಹುಡುಕಿಕೊಂಡು ಬಂದರು. ಮೂವರ ಹೆಂಡಂದಿರೂ ಪಿಯುಸಿ ಆದವರು. ಖರ್ಚು ಎಷ್ಟು, ವಕೀಲರು ಯಾರು, ಫೋಟೋ ಬೇಕೇನು ಎಂದು ಕೇಳಿದರು.

"ಮೊದಲು ನಿಮ್ಮ ಹೆಂಡತಿಗಿ ಕೇಳ್ರಿ," ಎಂದ ಭಾಗಣ್ಣ.

"ಅವರಿಗಿ ಕೇಳೂದೇನಿರ್ತದ್ರಿ? ನಾವು ಹೇಳಿದ್ರ ಆಗ್ಲಿ ಅಂತಾರ," ಎಂದ ಅವರಲ್ಲಿ ಹಿರಿಯ.

ಭಾಗಣ್ಣನಿಗೆ ಹೇಳುವುದು ಬೆಟ್ಟದಷ್ಟಿತ್ತು. ಎಲ್ಲಿಂದ ಶುರು ಮಾಡಿದರೂ ಇವರು ನಗುತ್ತಾರೆ ಅನ್ನಿಸಿತು. ಇದು ನನ್ನ ಸೆಂಟರಿನಲ್ಲಿ ಆಗುವುದಿಲ್ಲ ಎಂದುಬಿಟ್ಟ. ಗುಟ್ಟನ್ನು ತನ್ನ ಹತ್ತಿರವೇ ಇಟ್ಟುಕೊಂಡ, ಕಮಿಷನ್ ಹೆಚ್ಚಿಗೆ ಬೇಕೇನೋ ಎಂದು ಗೊಣಗುತ್ತ ಅವರು ಶಹಾಬಾದದ ಇನ್ನೊಂದು ಸೆಂಟರಿಗೆ ಹೋದರು. ಕೈಗೆ ಬಂದ ಗಿರಾಕಿಗಳನ್ನು ಬಿಟ್ಟೆಯಲ್ಲ ಎಂದು ಅದ್ನಾನ್ ಪಕ್ಕದಿಂದ ಬೈದ. ಭಾಗಣ್ಣ ರಾಧಿಕಾಳ ಬುಧವಾರಕ್ಕೆಂದು ತಂದಿದ್ದ ಎರಡನೇ ಕುರ್ಚಿಯ ಕಾಲು ಅಲುಗಾಡುತ್ತಿತ್ತೆಂದು ಅದರ ಕೆಳಗೆ ಕಾಗದ ಮಡಚಿ ಇಡುತ್ತ ಕೂತ.